ಒಂದೇ ದಿಂಬಿನ ಮಂಚ

ಬೆಳಿಗ್ಗೆ ಆರೂಕಾಲು. ಗೊಂಬೆಯ ಮಂಚ ಅದರ ಜಾಗದಲ್ಲಿ ಇರಲಿಲ್ಲ.

ನೀಲಮ್ಮ ನೀರಿನ ಕೊಡ ಇಳಿಸಿ, ಗೊಂಬೆ ಕೂರಿಸಿದ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದಳು. ಮಣ್ಣಿನ ಶೆಟ್ಟಿ, ಶೆಟ್ಟಿಯ ಹೆಂಡತಿ, ಅವರ ಮುಂದಿನ ರಾಗಿ ರಾಶಿ, ಚನ್ನಪಟ್ಟಣದ ಕುದುರೆ ಎಲ್ಲವೂ ಇದ್ದವು. ಕೊನೆಯ ಮೆಟ್ಟಿಲಿನ ಎಡತುದಿಯಲ್ಲಿ ಮಾತ್ರ ಒಂದು ಗೇಣು ಜಾಗ ಖಾಲಿ.

೧೯೫೭ರ ನವರಾತ್ರಿಯ ಐದನೆಯ ದಿನ. ಲಷ್ಕರ್ ಮೊಹಲ್ಲಾದ ಆ ಮನೆಯಲ್ಲಿ ಇದ್ದವರು ಇಬ್ಬರೇ: ನೀಲಮ್ಮ, ಆಕೆಯ ಅತ್ತೆ ದಾಕ್ಷಾಯಣಮ್ಮ.

ಮಂಚ ಬೀಟೆಯದು. ಮದುವೆಯಲ್ಲಿ ನೀಲಮ್ಮನ ತಾಯಿ ಪಟ್ಟದ ಗೊಂಬೆಗಳ ಜೋಡಿಯನ್ನು ಮಗಳ ಮಡಿಲಿಗಿಟ್ಟಾಗ ಜೊತೆಗೆ ಕೊಟ್ಟದ್ದು. ಮಗಳು ಹೋದ ಮನೆಗೆ ಆ ರಾಜ ರಾಣಿಯೂ ಹೋಗಬೇಕು, ಅದು ಪದ್ಧತಿ. ಮಂಚದ ಮೇಲಿನ ಬೂರುಗದ ಹತ್ತಿಯ ಹಾಸಿಗೆ, ಬೆರಳುದ್ದದ ಎರಡು ದಿಂಬು, ಎಲ್ಲವನ್ನೂ ಆಕೆ ಸ್ವತಃ ಹೊಲಿದಿದ್ದರು. ಆರು ತಿಂಗಳಲ್ಲಿ ತೀರಿಕೊಂಡರು. ತಾಯಿಯ ಕೈ ಎಂದು ನೀಲಮ್ಮನಿಗೆ ಉಳಿದದ್ದು ಆ ಹೊಲಿಗೆ ಮಾತ್ರ.

ಮೂರು ವರ್ಷದ ಹಿಂದೆ ಗಂಡ ಮಹದೇವ ಟೈಫಾಯ್ಡಿನಲ್ಲಿ ಹೋದ. ಆ ವರ್ಷ ದಾಕ್ಷಾಯಣಮ್ಮ ಪಟ್ಟದ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಸೆಯ ಟ್ರಂಕಿನ ತಳಕ್ಕಿಟ್ಟರು. ಮಂಚ ಮೆಟ್ಟಿಲ ಮೇಲೆ ಉಳಿಯಿತು, ಒಂದೇ ದಿಂಬಿನೊಂದಿಗೆ. ಇನ್ನೊಂದನ್ನು ಅವರು ಎತ್ತಿಕೊಂಡು ಹೋಗಿದ್ದರು.

"ಅತ್ತೆ, ಮಂಚ ಕಾಣಿಸ್ತಿಲ್ಲ."

ದಾಕ್ಷಾಯಣಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಕಾಲು ಅಲ್ಲಾಡ್ತಿತ್ತು. ಬಡಗಿ ಪುಟ್ಟಣ್ಣನ ಕೈಲಿ ಕೊಟ್ಟೆ."

"ಯಾವಾಗ?"

"ಈಗ್ಲೇ, ನೀನು ನಲ್ಲಿಗೆ ಹೋದಾಗ. ಒಳ್ಳೇ ಪೋಲೀಸಿನೋರ ಥರ ಕೇಳ್ತೀಯಲ್ಲೇ!"

ಕಾಲು ಅಲ್ಲಾಡುತ್ತಿರಲಿಲ್ಲ. ಹಿಂದಿನ ಸಂಜೆ ಅದನ್ನು ಒರೆಸಿಟ್ಟವಳು ನೀಲಮ್ಮನೇ.

ಪಕ್ಕದ ಮನೆಯ ವಸಂತಮ್ಮ ಹಿತ್ತಲ ಗೋಡೆಯ ಮೇಲಿಂದಲೇ ವಿಷಯ ಬಿಡಿಸಿದರು. "ದಸರಾಕ್ಕೆ ಬರೋ ಬಿಳೀ ದೊರೆಗಳು ಹಳೇ ಗೊಂಬೆ ಸಾಮಾನು ಅಂದ್ರೆ ಬಾಯ್ಬಾಯ್ ಬಿಡ್ತಾರೆ ಕಣಮ್ಮ. ಮಂಚ, ಹಾಸಿಗೆ, ದಿಂಬು, ಜೊತೆ ಪೂರ್ತಿ ಇರಬೇಕಂತೆ. ಅವರ ಪರವಾಗಿ ಮನೆಮನೆ ಸುತ್ತೋರು ಬೇರೆ ಇದ್ದಾರೆ. ನಿಮ್ಮನೇಗೂ ಒಬ್ಬ ಬಂದಿದ್ನಲ್ಲ, ಚೀಲ ಹಿಡ್ಕಂಡು?"

ಬಂದಿದ್ದ. ಎರಡನೆಯ ದಿನ. ಹೆಸರು ರುದ್ರಸ್ವಾಮಿ, ಮೂವತ್ತು ದಾಟಿದ ವಯಸ್ಸು. 'ಗೊತ್ತಿದ್ದೋರು' ಎಂದಷ್ಟೇ ಹೇಳಿದ್ದರು ದಾಕ್ಷಾಯಣಮ್ಮ. ಬೇರೆ ಯಾವ ಗೊಂಬೆಯನ್ನೂ ಅವನು ಸರಿಯಾಗಿ ನೋಡಿರಲಿಲ್ಲ. ಮಂಚವನ್ನು ಮಾತ್ರ ಕೈಗೆತ್ತಿಕೊಂಡ, ಅದೂ ತಲೆಕೆಳಗಾಗಿ.

"ದಿಂಬು ಒಂದೇ ಯಾಕಿದೆ?" ಎಂದು ನೀಲಮ್ಮನನ್ನು ಕೇಳಿದ.

ಉತ್ತರ ಕೊಟ್ಟವರು ದಾಕ್ಷಾಯಣಮ್ಮ. "ಇನ್ನೊಂದು ನನ್ನ ಹತ್ರ ಇದೆ. ಕೊಡೋ ಕಾಲಕ್ಕೆ ಕೊಡ್ತೀನಿ."

ಅವನು ಬೆಲೆ ಕೇಳಿರಲಿಲ್ಲ. ಅದು ಮೊದಲೇ ಮಾತಾಗಿರಬೇಕು ಎಂದು ನೀಲಮ್ಮ ಈಗ ಊಹಿಸಿದಳು.

ಆರನೆಯ ದಿನ ಒಣಹಾಕಿದ್ದ ಆಕೆಯ ರವಿಕೆಯೊಂದು ಹಗ್ಗದ ಮೇಲಿಂದ ಕಾಣೆಯಾಯಿತು. ಎಂಟನೆಯ ದಿನ ಆಕೆ ಟ್ರಂಕು ತೆರೆದಳು. ತಳದಲ್ಲಿ ಗೊಂಬೆಗಳಿರಲಿಲ್ಲ. ಸುತ್ತಿದ್ದ ಬಟ್ಟೆ ಇತ್ತು, ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಹೊರಗಿನ ಕಳ್ಳರು ಬಟ್ಟೆ ಮಡಿಸಿಟ್ಟು ಹೋಗುವುದಿಲ್ಲ.

ಅದೇ ಮಧ್ಯಾಹ್ನ ಜಗಲಿಯಲ್ಲಿ ರುದ್ರಸ್ವಾಮಿಯ ಧ್ವನಿ. ನೀಲಮ್ಮ ಬಾಗಿಲ ಹಿಂದೆ ನಿಂತಳು.

"ಅವರಿಗೆ ಹೇಳಿದ್ರಾ ಅಮ್ಮ?"

"ಹಬ್ಬ ಮುಗೀಲಿ, ಹೇಳ್ತೀನಿ. ಮುಂದಿನ ನವರಾತ್ರಿಗೆ ಅವಳು ಈ ಮನೇಲಿ ಇರಕೂಡದು ಕಣಪ್ಪ."

"ಅವರ ಒಪ್ಪಿಗೆ ಇಲ್ಲದೆ ನನಗೆ ಬೇಡ ಅಮ್ಮ."

ದಾಕ್ಷಾಯಣಮ್ಮ ನಕ್ಕದ್ದು ಕೇಳಿಸಿತು. ಮೂರು ವರ್ಷದಲ್ಲಿ ಅವರು ನಕ್ಕದ್ದನ್ನು ನೀಲಮ್ಮ ಕೇಳಿರಲಿಲ್ಲ.

ಗೊಂಬೆ ಹೋಯಿತು, ಇನ್ನು ತಾನು. ಹೋಗಲು ಇದ್ದ ಜಾಗ ನಂಜನಗೂಡಿನಲ್ಲಿ ಅಣ್ಣನ ಮನೆ ಒಂದೇ. ಆ ಅಣ್ಣ ಮೂರು ವರ್ಷದಲ್ಲಿ ಬರೆದದ್ದು ಒಂದು ಕಾಗದ. ಅದರಲ್ಲಿ 'ಬಾ' ಎಂಬ ಮಾತಿರಲಿಲ್ಲ.

ವಿಜಯದಶಮಿ, ಬೆಳಿಗ್ಗೆ ಒಂಬತ್ತು. ನೀಲಮ್ಮ ಟ್ರಂಕನ್ನು ನಡುಮನೆಗೆ ಎಳೆದು ತಂದಳು.

"ಅಣ್ಣನ ಮನೆಗೆ ಹೊರಟೆ. ನಮ್ಮಮ್ಮ ಕೊಟ್ಟಿದ್ದನ್ನ ನಂಗೆ ಕೊಟ್ಬುಡಿ ಅತ್ತೆ. ಮಾರಿದ್ರೆ, ಮಾರಿದ್ದೀನಿ ಅಂತ ಬಾಯ್ಬಿಟ್ಟು ಹೇಳ್ಬುಡಿ."

ದಾಕ್ಷಾಯಣಮ್ಮ ಟ್ರಂಕನ್ನು ನೋಡಿದರು, ಸೊಸೆಯ ಮುಖ ನೋಡಿದರು. "ಪೆಟ್ಟಿಗೆ ಕಟ್ಟೂ ಬುಟ್ಯಾ? ಬುಡು, ನಂಗೊಂದು ಕೆಲಸ ಉಳೀತು."

ಒಳಗೆ ಹೋಗಿ ಒಂದು ಗಂಟು ತಂದರು. ಸೊಸೆಯ ಮುಂದೆ ಕೂತು ಬಿಚ್ಚಿದರು. ರಾಜ, ರಾಣಿ, ಇಬ್ಬರಿಗೂ ಹೊಸ ಬಣ್ಣ, ಹೊಸ ಜರಿಯ ಉಡುಪು. ಕಾಣೆಯಾಗಿದ್ದ ರವಿಕೆ, ಅದರ ಅಳತೆಗೆ ಹೊಲಿಸಿದ ಕೆಂಪು ರೇಷ್ಮೆಯ ಇನ್ನೊಂದು ರವಿಕೆ. ಕೊನೆಗೆ, ಹೊಳಪು ಕೊಟ್ಟ ಬೀಟೆಯ ಮಂಚ. ಅದರ ಮೇಲೆ ಎರಡು ದಿಂಬುಗಳಿದ್ದವು.

"ನಿಮ್ಮಮ್ಮ ಇದ್ದಿದ್ರೆ ಅವರೇ ಕೊಡೋರು," ಎಂದರು ದಾಕ್ಷಾಯಣಮ್ಮ. "ರುದ್ರಸ್ವಾಮಿಗೆ ಹೂಂ ಅನ್ನೋದು, ಊಹೂಂ ಅನ್ನೋದು ನಿನಗೆ ಬಿಟ್ಟಿದ್ದು. ಊಹೂಂ ಅಂದ್ರೆ ಮಂಚ ಮೆಟ್ಟಿಲ ಮೇಲಿಡು, ನೀನೂ ಇಲ್ಲೇ ಇರು."

ಆ ದಿನ ನೀಲಮ್ಮ ನಂಜನಗೂಡಿನ ರೈಲು ಹತ್ತಲಿಲ್ಲ.

ಮದುವೆಗೆ ಕೊಟ್ಟ ನೋಟೀಸಿನ ಮೂವತ್ತು ದಿನ ಕಳೆದ ಮೇಲೆ, ಕಾರ್ತಿಕದ ಒಂದು ಸೋಮವಾರ, ಒಂಟಿಕೊಪ್ಪಲಿನ ಶಾಲಾ ಮೇಷ್ಟ್ರು ರುದ್ರಸ್ವಾಮಿ ಮತ್ತು ನೀಲಮ್ಮನ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಯಿತು; ಮೂವರು ಸಾಕ್ಷಿಗಳಲ್ಲಿ ಮೊದಲ ಸಹಿ ದಾಕ್ಷಾಯಣಮ್ಮನವರದು.