ಹಿತ್ತಲ ಗೋಡೆ

ಅಧಿಕಾರಿ ಕೊಟ್ಟಿಗೆಯಿಂದ ಹೊರಗೆ ಕಾಲಿಟ್ಟಿದ್ದೇ ತಡ, ಮಣ್ಣಿನ ಹೆಂಟೆಯೊಂದು ಅವನ ಕಿವಿ ಸವರಿಕೊಂಡು ಹೋಗಿ, ಗೋಡೆಯಾಚೆ ನಿಂತವನ ಎದೆಗೆ ಬಡಿಯಿತು.

ಎಸೆದವಳು ಅತ್ತಿಗೆ. ತಿಂದವನು ಮೈದುನ.

"ಹಿತ್ತಲ ಗೋಡೆ ಕೆಡವಿದ್ದು ನೀನೇ! ಇವತ್ತೇ ಎತ್ತಿ ಕಟ್ಟು!"

"ನನ್ನ ಹೆಣ ಕಟ್ಟುತ್ತೆ! ನಿನ್ನ ಬಾಯಿಗೆ ಹೆದರಿಯೇ ನಮ್ಮಣ್ಣ ಬೇಗ ಕಣ್ಮುಚ್ಚಿದ."

ಅಧಿಕಾರಿಗೆ ಇವರ ಜಗಳ ಬೇಕಿರಲಿಲ್ಲ. ಅವನು ಬಂದದ್ದು ಕುರಿ ಎಣಿಸಲು. ಮನೆಗೆ ಐವತ್ತು ಕುರಿಯಿದ್ದರೆ ಸರ್ಕಾರದ ಸಹಾಯಧನ. ಒಂದು ಕಡಿಮೆಯಾದರೂ ಕೈಗೆ ಚಿಪ್ಪು. ಚಳಿಗಾಲದ ರೋಗ ಈ ಕಣಿವೆಯ ಮಂದೆಗಳನ್ನು ಅರ್ಧಕ್ಕರ್ಧ ಗುಡಿಸಿಹಾಕಿತ್ತು. ಸಹಾಯಧನವೂ ತಪ್ಪಿದವರು ಉಳಿದ ಕುರಿಗಳನ್ನು ಕಟುಕನಿಗೆ ಮಾರಿ ಊರು ಬಿಡುತ್ತಿದ್ದರು. ಎರವಲು ಕುರಿ ತಂದು ನಿಲ್ಲಿಸಿದವರನ್ನು ಬೆಳಗಿನಿಂದ ಹಿಡಿದೂ ಹಿಡಿದೂ ಅವನ ತಲೆ ಸಿಡಿಯುತ್ತಿತ್ತು. ಇಲ್ಲಿಗೆ ಬರುವಾಗ ಕೆಳಗಿನ ಕವಲಿನಲ್ಲಿ ಜೀಪನ್ನು ಅಡ್ಡ ನಿಲ್ಲಿಸಿಯೇ ಬಂದಿದ್ದ. ಡ್ರೈವರನ ಕಣ್ಣು ತಪ್ಪಿಸಿ ಇರುವೆಯೂ ಮೇಲೆ ಬರುವಂತಿರಲಿಲ್ಲ.

ಆದರೂ ಅತ್ತಿಗೆಯ ಕೊಟ್ಟಿಗೆಯಲ್ಲಿ ಐವತ್ತೂ ಇದ್ದವು. ಒಂದು ಕುರಿ ಅವನ ಚೀಲದ ಪಟ್ಟಿಯನ್ನೇ ಜಗಿದು ಹಾಕಿತ್ತು. ಒಡತಿಯದೇ ಬುದ್ಧಿ, ಎಂದು ಹಲ್ಲು ಕಡಿದಿದ್ದ.

ಇನ್ನು ಮೈದುನನ ಕೊಟ್ಟಿಗೆ. ಅತ್ತಿಗೆ ಅಡ್ಡ ನಿಂತಳು.

"ನನಗೆ ನ್ಯಾಯ ಹೇಳಿ ಮುಂದಕ್ಕೆ ಹೋಗಿ, ಸ್ವಾಮಿ!"

"ನಾನು ಪಂಚಾಯಿತಿ ಮಾಡಕ್ಕೆ ಬಂದಿಲ್ಲಮ್ಮ."

"ಹಾಗಾದ್ರೆ ಯಾಕೆ ಬರೆಸ್ಕೊಂಡ್ರಿ ನನ್ನ ದೂರು?"

ಅದು ನಿಜ. ಚಳಿಗಾಲದಿಂದ ಈಚೆಗೆ ಇವರಿಬ್ಬರು ಒಬ್ಬರ ಮೇಲೊಬ್ಬರು ಕೊಟ್ಟ ದೂರುಗಳೇ ಕಚೇರಿಯ ಕಪಾಟು ತುಂಬಿದ್ದವು. ಅವನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಗೋಡೆ ಹಾರಿ ಬಂದ. ಅತ್ತಿಗೆ ದೊಣ್ಣೆ ಎತ್ತಿಕೊಂಡಳು. ಏಟು ಭುಜಕ್ಕೆ ಬಿತ್ತು, ಸದ್ದಾಗುವಂತೆ. ಬಿಡಿಸಲು ನಡುವೆ ನುಗ್ಗಿದ ಅಧಿಕಾರಿಯ ಅಂಗಿಯ ಗುಂಡಿ ಹಾರಿತು. ಇಬ್ಬರೂ ಅವನ ಒಂದೊಂದು ತೋಳು ಹಿಡಿದು ಜಗ್ಗಿದರು, ಬಿಡುವ ಲಕ್ಷಣವೇ ಇರಲಿಲ್ಲ. ಹಿತ್ತಲ ಕಡೆ ಕುರಿಗಳು ಅರಚಿಕೊಂಡವು. ಈ ಗಲಾಟೆಗೆ ಮೂಕಪ್ರಾಣಿಗಳೂ ಬೆದರಿವೆ, ಎಂದುಕೊಂಡ.

"ನಿನ್ನ ಹೆಂಡತಿನಾದ್ರೂ ಕರೆಯಯ್ಯ, ಬಿಡಿಸಲಿ!"

"ಅವಳಿಗೆಲ್ಲಿ ಪುರುಸೊತ್ತು, ಸ್ವಾಮಿ? ಈ ಬಾಯಿ ಶುರುವಾದ್ರೆ ಅವಳು ಹಿತ್ತಲು ಸೇರ್ತಾಳೆ."

ಕೊನೆಗೆ ಪೊಲೀಸರನ್ನು ಕರೆಸುತ್ತೇನೆ ಎಂದು ಗದರಿದ ಮೇಲೆಯೇ ಇಬ್ಬರ ಕೈ ಸಡಿಲವಾಯಿತು. ಮೈದುನ ಭುಜ ಹಿಡಿದುಕೊಂಡು ಅವನನ್ನು ತನ್ನ ಕೊಟ್ಟಿಗೆಗೆ ಕರೆದೊಯ್ದ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಬೆವೆತು, ಏದುಸಿರು ಬಿಡುತ್ತ. ಹೆದರಿಬಿಟ್ಟಿದ್ದಾಳೆ, ಪಾಪ.

ಐವತ್ತು. ಎರಡು ಸಲ ಎಣಿಸಿದ, ಐವತ್ತೇ. ಇಲ್ಲೂ ಒಂದು ಕುರಿ ನೇರ ಬಂದು ಚೀಲದ ಪಟ್ಟಿಗೆ ಬಾಯಿ ಹಾಕಿತು. ಈ ಮನೆತನಕ್ಕೇ ಅಂಟಿದ ಚಾಳಿ, ಎಂದು ಅದನ್ನು ದೂಡಿದ.

ಹೊರಡುವಾಗ ಇಬ್ಬರನ್ನೂ ದುರುಗುಟ್ಟಿ ನೋಡಿದ. "ದುಡ್ಡು ಇಬ್ಬರಿಗೂ ಬರುತ್ತೆ. ಆದ್ರೆ ಕೊಲೆ ಆಗೋ ಮುಂಚೆ ಆ ಹಿತ್ತಲ ಗೋಡೆ ಮುಚ್ಚಿ."

"ಸತ್ರೂ ಮುಚ್ಚಲ್ಲ!" ಅತ್ತಿಗೆ, ಮೈದುನ ಒಟ್ಟಿಗೇ ಕೂಗಿದರು.

ಜೀಪಿನ ಧೂಳು ತಿರುವಿನಲ್ಲಿ ಅಡಗಿತು. ಅತ್ತಿಗೆ ದೊಣ್ಣೆ ಬಿಸಾಕಿ, ಬಿದ್ದ ಗೋಡೆಯ ಸಂದಿನಿಂದ ಈಚೆ ಬಂದು ಮೈದುನನ ಭುಜಕ್ಕೆ ಎಣ್ಣೆ ತಿಕ್ಕತೊಡಗಿದಳು.

"ತುಸು ಜೋರಾಯ್ತೇನೋ, ಮಗಾ? ಇರಲಿ, ಮುಂದಿನ ವರ್ಷ ಹೊಡೆಯೋ ಸರದಿ ನಿಂದು." ಆಮೇಲೆ ಕೊಟ್ಟಿಗೆಯ ಕಡೆ ಕತ್ತು ಹೊರಳಿಸಿದಳು. "ತಂಗೀ, ನಮ್ಮನೆ ಇಪ್ಪತ್ತೈದನ್ನ ಅತ್ತ ಅಟ್ಟು!"