ವೃತ್ತಕ್ಕೊಂದು ತುರುಬು

ಹೆಂಡತಿ ಪೇಂಟರ ತೋಳು ಬಿಡಲೊಲ್ಲಳು, ನಿಂತಲ್ಲಿ ನಿಲ್ಲಲೂ ಒಲ್ಲಳು. ಪರದೇಶದ ರೈಲ್ವೆ ಸ್ಟೇಷನ್ನಿನ ಶೌಚಾಲಯದ ಮುಂದೆ ಅವರಿಗೆ ತಲೆ ಕೆಟ್ಟುಹೋಗಿತ್ತು. ಒಂದು ಬಾಗಿಲ ಮೇಲೆ ತ್ರಿಕೋನ, ಇನ್ನೊಂದರ ಮೇಲೆ ಬರೀ ವೃತ್ತ. ನಲವತ್ತು ವರ್ಷ ಬೋರ್ಡು ಬರೆದವರಿಗೇ ಗಂಡಸರದು ಯಾವುದು, ಹೆಂಗಸರದು ಯಾವುದು ಗೊತ್ತಾಗಲಿಲ್ಲ. "ಇದನ್ನ ಬರೆದೋನ ಕೈಗೆ ಬ್ರಷ್ ಕೊಟ್ಟೋರ್ಯಾರು!" ಎಂದು ಗೊಣಗಿದರು.

ಅಷ್ಟರಲ್ಲಿ ವೃತ್ತದ ಬಾಗಿಲಿನಿಂದ ಹೆಂಗಸೊಬ್ಬಳು ಹೊರಬಂದಳು. "ಇದೇ ಕಣೇ, ಹೋಗು," ಎಂದರು. ಹೆಂಡತಿ ಆ ವೃತ್ತವನ್ನು ನೋಡಿ ಹಿಂದೆ ಸರಿದಳು. ಮರೆವಿನ ಕಾಯಿಲೆ ಬಂದ ಮೇಲೆ ಅವಳ ಮಾತೇ ನಿಂತುಹೋಗಿತ್ತು. ರೈಲಿಗೆ ಇನ್ನು ಆರೇ ನಿಮಿಷ.

ಊರಲ್ಲಿ ಪೇಂಟರು ಬರೆದ ಹೆಂಗಸರ ಶೌಚಾಲಯದ ಬೋರ್ಡುಗಳಿಗೆಲ್ಲ ಇವಳದೇ ತುರುಬು. ಅತ್ತಿತ್ತ ನೋಡಿದರು. ಹಳೇ ಚಟಕ್ಕೆ ಜೇಬಿನಲ್ಲಿಟ್ಟುಕೊಂಡಿದ್ದ ಮಾರ್ಕರ್ ತೆಗೆದು, ವೃತ್ತದ ಬೆನ್ನಿಗೆ ಒಂದು ತುರುಬು ಬರೆದರು.

ಅವಳು ಹತ್ತಿರ ಹೋಗಿ ದಿಟ್ಟಿಸಿದಳು. ಗಿಡ್ಡಗೆ ಕತ್ತರಿಸಿದ ತನ್ನ ಕೂದಲನ್ನು ಮುಟ್ಟಿ ನೋಡಿಕೊಂಡಳು. ಅವರ ತೋಳು ಬಿಟ್ಟಳು.

"ನನ್ನ ತುರುಬು ಇಷ್ಟು ಚಿಕ್ಕದೇನ್ರೀ?" ಎಂದು ಸಿಡುಕಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.