ಧೂಳಿನ ಮೇಲೊಂದು ಹಳದಿ

"ಇಳಿಯೇ, ಪಾಪಿ! ನಿನ್ನ ಗಂಡ ಅಲ್ಲಿ ಸಾಯ್ತಾ ಬಿದ್ದಿದಾನೆ, ಇಳಿ!"

ಅತ್ತೆ ಓಮಾ ಕೆಳಗಿನಿಂದ ಸೊಸೆಯ ಪಾದ ಹಿಡಿದು ಜಗ್ಗುತ್ತಿದ್ದಳು. ವರ್ಲೀನ್ ಹಳದಿ ಉಡುಪಿನಲ್ಲಿ ಟ್ರಕ್ಕಿನ ತಲೆಯ ಮೇಲೆ ನಿಂತಿದ್ದಳು. ಅಲುಗಲಿಲ್ಲ.

ಕ್ಯಾರೊಲೈನಾದ ಆ ಮಣ್ಣಿನ ರೇಸಿನ ಅಂಗಳದಲ್ಲಿ ಕಾರುಗಳು ಎರಡು ಸುತ್ತು ಹಾಕಿದರೆ ಸಾಕು, ಕೆಂಪು ಧೂಳು ಕವಿದು ಏನೂ ಕಾಣುತ್ತಿರಲಿಲ್ಲ. ಹುಚ್ಚು ಆಟ, ಆದರೂ ಊರಿಗೆ ಊರೇ ನೋಡಲು ಬರುತ್ತಿತ್ತು. ಓಡಿಸುವವರು ಧೂಳಿನ ಮೇಲೆ ಕಾಣುವ ಏನನ್ನಾದರೂ ಗುರುತು ಮಾಡಿಕೊಂಡು ಕಾರು ತಿರುಗಿಸಬೇಕು. ಒಬ್ಬನಿಗೆ ಪೈನ್ ಮರ, ಇನ್ನೊಬ್ಬನಿಗೆ ಚರ್ಚಿನ ಗೋಪುರ. ಹಾಯ್ಟ್‌ಗೆ ಹೆಂಡತಿ. ಹಳದಿ ಕಂಡರೆ ಎಡಕ್ಕೆ. ತಪ್ಪಿದರೆ ಎದುರಿಗೇ ಕಂದಕ.

ಹತ್ತಿಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಹಾಯ್ಟ್‌ಗೆ ಇದು ಮೂರನೆಯ ರೇಸು. ವಾರವಿಡೀ ಅಂಗಡಿಗೆ, ಚರ್ಚಿಗೆ ಓಡುವ ಮನೆಯ ಕಾರೇ ಶನಿವಾರ ರೇಸಿಗೆ. "ಇವತ್ತು ಗೆದ್ದೇ ಗೆಲ್ತೀನಿ ಕಣೇ," ಎಂದಿದ್ದ ಬೆಳಿಗ್ಗೆ. ಆಮೇಲೆ ನಗು ನಿಲ್ಲಿಸಿ, "ನನಗೇನೇ ಆದ್ರೂ ರೇಸು ಮುಗಿದು ಬಾವುಟ ಬೀಳೋವರೆಗೂ ಇಳೀಬೇಡ. ಆಣೆ ಇಡು," ಎಂದಿದ್ದ.

ಏನೂ ಆಗುವುದಿಲ್ಲವೆಂಬ ಧೈರ್ಯದಲ್ಲಿ ಅವಳು ಆಣೆ ಇಟ್ಟಿದ್ದಳು.

ಅಚ್ಚು ಮುರಿದು ಅವನ ಕಾರು ಟ್ರಕ್ಕಿನ ಹತ್ತಿರವೇ ಮಗುಚಿತ್ತು. ಜನ ಅವನನ್ನು ಎಳೆದು ಹುಲ್ಲಿನ ಮೇಲೆ ಮಲಗಿಸಿದ್ದರು. ಬಿದ್ದವನಿಗಾಗಿ ರೇಸು ನಿಲ್ಲಿಸುವ ಪದ್ಧತಿ ಅಲ್ಲಿರಲಿಲ್ಲ.

"ವರ್ಲೀನ್..." ಹಾಯ್ಟ್ ಕರೆದ.

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಧೂಳಿನೊಳಗೆ ಇಂಜಿನ್ನುಗಳು ಮೊರೆದವು. ಹೆಜ್ಜೆ ಹಿಂದಕ್ಕೆ ತೆಗೆದಳು.

"ಅವನು ಇನ್ನೆಲ್ಲಿ ಓಡಿಸ್ತಾನೇ? ಯಾರಿಗೆ ತೋರಿಸ್ತಾ ನಿಂತಿದೀಯ ಆ ಬಟ್ಟೆ?" ಓಮಾ ಕಿರುಚಿದಳು. ಆಮೇಲೆ ಕಿರಿಯ ಮಗನನ್ನು ಕೂಗಿದಳು. "ರಾಯ್ಸ್! ಸೋಡಾ ತರ್ತೀನಿ ಅಂತ ಹೋದೋನು ಎಲ್ಲಿ ಹಾಳಾಗ್ಹೋದ್ಯೋ? ಬಂದು ನಿಮ್ಮ ಅತ್ತಿಗೇನ ಇಳಿಸೋ!"

"ಇನ್ನು ಸ್ವಲ್ಪ ಹೊತ್ತು, ಅಮ್ಮಾ. ನೀವು ಅವರ ಹತ್ತಿರ ಹೋಗಿ," ಎಂದಳು ವರ್ಲೀನ್ ಮೇಲಿನಿಂದಲೇ.

ಮುದುಕಿ ನೆಲಕ್ಕೆ ಉಗಿದು ಓಡಿದಳು.

ಹಾಯ್ಟ್ ಇನ್ನೊಮ್ಮೆ ಕರೆದ. ದನಿ ಸಣ್ಣದಾಗಿತ್ತು. ಮತ್ತೆ ಕರೆಯಲಿಲ್ಲ. ಓಮಾಳ ಗೋಳು ಕೇಳಿದಾಗ ವರ್ಲೀನ್‌ಗೆ ಗೊತ್ತಾಯಿತು. ಬಿಕ್ಕುತ್ತಲೇ ಎರಡೂ ಕೈ ಮೇಲೆತ್ತಿ, ಇನ್ನಷ್ಟು ಎತ್ತರವಾಗಿ ನಿಂತಳು. ಸುತ್ತಲಿನವರು ಅಸಹ್ಯದಿಂದ ಮುಖ ತಿರುಗಿಸಿದರು.

ಬಾವುಟ ಬಿತ್ತು. ಧುಮುಕಿ ಓಡಿದಳು. ಗಂಡನ ಕೈ ಇನ್ನೂ ಬೆಚ್ಚಗಿತ್ತು.

"ಮುಟ್ಟಬೇಡ ನನ್ನ ಮಗನ್ನ!" ಓಮಾ ಅವಳನ್ನು ದೂಡಿದಳು. "ಹೆಣ್ಣಲ್ಲ ನೀನು, ಕಲ್ಲು!"

ಅವರ ಹಿಂದೆ ಒಂದು ಬೂದು ಕಾರು ಬಂದು ನಿಂತಿತು. ತಾಯಿಗೆ ಹೇಳದೆ ತನ್ನ ಮೊದಲ ರೇಸು ಓಡಿಸಿದ್ದ ರಾಯ್ಸ್ ಅದರಿಂದ ಇಳಿದು, ಮುಖದ ಧೂಳು ಒರೆಸಿಕೊಳ್ಳುತ್ತ ಕೂಗಿದ: "ಅತ್ತಿಗೇ, ಪ್ರತಿ ಸಲಾನೂ ನಿಮ್ಮನ್ನ ನೋಡ್ಕೊಂಡೇ ತಿರುಗಿದೆ! ಅಣ್ಣ ಎಲ್ಲಿ?"